ತಾನಾಗಿ ಹೋಗುವ ಶಾಭಾಸ್

ನನ್ನ ತಂಗಿ ಆನ್‌ಲೈನ್ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಹೇಳಿಕೊಡುತ್ತಾಳೆ. ಕಾಲೇಜೆಂದರೆ ನಮ್ಮ ಮನೆಯ ಇಸ್ತ್ರಿ ಮೇಜು. ಪಾಠದ ಹೊತ್ತಿನಲ್ಲಿ ನಾನು ಕುಕ್ಕರ್ ಕೂಗಿಸುವಂತಿಲ್ಲ, ಸೀನಿದರೂ ಕೆಕ್ಕರಿಸಿ ನೋಡುತ್ತಾಳೆ. ಅಷ್ಟೆಲ್ಲ ಮಾಡಿದ ಮೇಲೆ ಓದುವವರು ಒಬ್ಬರಾದರೂ ಮುಖ ತೋರಿಸಬೇಕಲ್ಲ! ಪರದೆಯ ತುಂಬ ಬರೀ ಕಪ್ಪು ಚೌಕ. ಯಾರಿಗೆ ಹೇಳುತ್ತೀಯೆ ಮಾರಾಯ್ತಿ ಎಂದು ನಾನು ಗೊಣಗುತ್ತಲೇ ಇದ್ದೆ.

ಅವಳು ಅಷ್ಟು ಸುಲಭಕ್ಕೆ ಸೋಲೊಪ್ಪುವವಳಲ್ಲ. ಪಾಠವನ್ನು ಸಣ್ಣ ಸಣ್ಣ ತುಂಡು ಮಾಡಿದಳು, ನಡುನಡುವೆ ಪ್ರಶ್ನೆ ಕೇಳಿದಳು, ದೊಡ್ಡ ಕಂಪನಿಗಳನ್ನು ಬಿಟ್ಟು ಕ್ಷೌರದಂಗಡಿಯ ಉದಾಹರಣೆ ಹಿಡಿದಳು. ಚೌಕಗಳ ಹಿಂದಿನಿಂದ ಒಂದೆರಡು ನಗು ಕೇಳಿಸಿತು. ಆ ಹುಮ್ಮಸ್ಸಿನಲ್ಲೇ ಎಡವಿದ್ದು. ಯಾರು ಹೋಂವರ್ಕ್ ಕಳಿಸಿದರೂ ಆ ಕ್ಷಣವೇ ‘ಶಾಭಾಸ್! ಹೀಗೇ ಮುಂದುವರಿಸಿ’ ಎಂಬ ಉತ್ತರ ತಾನಾಗಿ ಹೋಗುವಂತೆ ಕಂಪ್ಯೂಟರಿಗೆ ಹೇಳಿಕೊಟ್ಟಳು. ಪಾಪ, ಮಕ್ಕಳಿಗೆ ಧೈರ್ಯ ಬರಲಿ ಅಂತ.

ಮೊನ್ನೆ ಬೆಳಿಗ್ಗೆ ಹೋಂವರ್ಕ್ ತಿದ್ದುತ್ತಿದ್ದವಳು ಇದ್ದಕ್ಕಿದ್ದಂತೆ ಕಲ್ಲಾದಳು. ಒಗೆದ ಬಟ್ಟೆ ಹಿಡಿದುಕೊಂಡೇ ಹೋಗಿ ನೋಡಿದೆ. ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡಿಕೊಂಡು ಓದುವ ಹುಡುಗಿಯೊಬ್ಬಳು ಲೆಕ್ಕ ಬಿಡಿಸುವ ಜಾಗದಲ್ಲಿ ಬರೆದಿದ್ದಳು: ‘ನನ್ನ ಕೈಲಿ ಇನ್ನು ಆಗಲ್ಲ. ಬದುಕೋದೇ ಸಾಕಾಗಿದೆ.’ ಅದರ ಕೆಳಗೇ ನಮ್ಮವಳ ಶಾಭಾಸ್. ಅದು ಹೋಗಿ ಆಗಲೇ ದಿನಗಳು ಕಳೆದಿದ್ದವು.

ಬಟ್ಟೆಯನ್ನು ಅಲ್ಲೇ ಎಸೆದೆ. ತಂಗಿ ಹುಡುಗಿಯ ನಂಬರು ಹುಡುಕಿ ಓದಿದಳು, ನಾನು ಒತ್ತಿದೆ. ರಿಂಗಾಗಿ ರಿಂಗಾಗಿ ಕಡಿಯಿತು. ಮತ್ತೆ ಒತ್ತಿದೆ, ಮತ್ತೆ ಕಡಿಯಿತು. ವಿಳಾಸ ಕೇಳೋಣವೆಂದು ಕಾಲೇಜಿನ ಕಚೇರಿಗೆ ಫೋನ್ ಮಾಡಿದರೆ ಅಲ್ಲಿನ ಪುಣ್ಯಾತ್ಮ ಅರ್ಜಿ ಬರೆದು ಕಳಿಸಿ ಎಂದ. ಅವನ ಜನ್ಮ ಜಾಲಾಡಿದ ಮೇಲೆ ಬಾಯಿಬಿಟ್ಟ. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹುಡುಗಿಯ ನಂಬರನ್ನು ಇನ್ನೊಮ್ಮೆ ಒತ್ತಿ, ಸ್ಪೀಕರ್ ಹಾಕಿ ಫೋನನ್ನು ತಂಗಿಯ ಕೈಗೆ ಕೊಟ್ಟೆ.

“ಹಲೋ,” ಎಂದಿತು ಒಂದು ಸಣ್ಣ ದನಿ.

“ನಾನಮ್ಮ, ನಿಮ್ಮ ಲೆಕ್ಕದ ಮೇಡಂ. ನೀನು ಬರೆದಿದ್ದು ಈಗ ನೋಡಿದೆ ಕಣಮ್ಮ. ಎಲ್ಲಿದ್ದೀಯ? ಜೊತೇಲಿ ಯಾರಾದ್ರೂ ಇದ್ದಾರಾ?”

ಹುಡುಗಿ ತಿರುಗಿ ಕೇಳಿದಳು.

“ಅದನ್ನ ನೀವು ಓದ್ತೀರಾ ಮೇಡಂ? ಯಾರೂ ಓದಲ್ಲ ಅಂತಾನೇ ಅಲ್ಲಿ ಬರೆದಿದ್ದು.”

ನಾನು ಫೋನು ಕಿತ್ತುಕೊಂಡು, ಇಡಬೇಡಮ್ಮ, ನಾವು ಬರ್ತಾ ಇದ್ದೀವಿ, ಮಾತಾಡ್ತಾನೇ ಇರು ಎನ್ನುತ್ತಾ ಬೀದಿಗೆ ಓಡಿದೆ.