ನಮ್ಮ ಕಡೆಯ ಮಗು

ದತ್ತು ಅರ್ಜಿಯಲ್ಲಿ ನೀನು ಹೇಳಿದ್ದನ್ನು ನಾನು ಬರೆಯಲಿಲ್ಲ, ವಿನಯಾ. ಬೇರೆಯದನ್ನು ಬರೆದೆ. ಹನ್ನೊಂದು ವರ್ಷವಾಯಿತು — ಗಂಡ ಹೀಗೆ ಮಾಡಿದ್ದಾನೆಂದು ನಿನಗೆ ಇಂದಿಗೂ ಗೊತ್ತಿಲ್ಲ.

ಆಗ ನಾವು ದೋಹಾದ ಅಲ್ ಸದ್ದ್‌ನಲ್ಲಿ, ಆ ಸಣ್ಣ ಫ್ಲ್ಯಾಟಿನಲ್ಲಿದ್ದೆವು. ಶುಕ್ರವಾರ ಬೆಳಿಗ್ಗೆ ಕಾರಿನಲ್ಲೇ ಕೂತು ಕರಕ್ ಚಹಾ ಕುಡಿಯುವುದು ನಮ್ಮ ರೂಢಿ. ಮಾತಿನ ನಡುವೆ ನೀನು ಪೇಪರ್ ಕಪ್ಪಿನ ಅಂಚನ್ನು ಕಚ್ಚಿ ಕಚ್ಚಿ ಹಾಳುಮಾಡುತ್ತಿದ್ದೆ. ಆರು ವರ್ಷದ ಚಿಕಿತ್ಸೆ ಇನ್ನು ಸಾಕು, ದತ್ತು ಪಡೆಯೋಣ ಎಂದು ಇಬ್ಬರೂ ಒಪ್ಪಿದ್ದು ಅಂಥ ಒಂದು ಬೆಳಿಗ್ಗೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ನೀನು ಹಾಡಿಕೊಂಡೇ ಬಂದೆ. ಆ ದನಿ ನನಗೆ ಈಗಲೂ ಕೇಳುತ್ತದೆ.

ಅರ್ಜಿ ತುಂಬುವ ಕೆಲಸ ನನಗೆ ಬಂತು. ಪತ್ರಿಕೆಯ ಡೆಸ್ಕಿನಲ್ಲಿ ಬೇರೆಯವರ ತಪ್ಪು ತಿದ್ದುವವನು, ನನ್ನಿಂದ ತಪ್ಪಾಗದೆಂದು ನಿನ್ನ ನಂಬಿಕೆ. ಯಾವ ರಾಜ್ಯದ ಮಗು ಎಂಬ ಕಲಂ ಬಂದಾಗ ಕೂಗಿ ಕೇಳಿದೆ. ನೀನು ಅಡುಗೆಮನೆಯಿಂದಲೇ ಹೇಳಿದೆ:

"ಯಾವ ಕಡೆದಾದ್ರೂ ಅಡ್ಡಿಲ್ಲ ಮಾರಾಯ್ರೆ. ಮಗು ಎಂತ, ನಮ್ಮ ಊರು ಕೇಳಿ ಬರ್ತದಾ?"

ನಾನು ನಮ್ಮ ರಾಜ್ಯವೊಂದಕ್ಕೇ ಗುರುತು ಹಾಕಿದೆ.

"ಹಾಕಿದ್ರಾ?"

"ಎಲ್ಲ ಹಾಕಿದೆ."

ಇಲ್ಲಿ ಊರಿನವರು ಎದುರಾದರೆ ಮೊದಲು ಕೇಳುವುದು 'ನಮ್ಮ ಕಡೆಯವರಾ?' ಎಂದೇ. ನಾನೂ ಕೇಳುತ್ತೇನೆ. ನಮ್ಮಿಬ್ಬರ ನಡುವೆ ಬೇರೆಯೇ ಮುಖದ ಮಗು ನಿಂತರೆ ಹೆತ್ತದ್ದಲ್ಲವೆಂದು ಎಲ್ಲರಿಗೂ ಕಾಣುತ್ತದೆ. ನಮ್ಮಂತೆ ಕಾಣುವ ಮಗುವಾದರೆ ಯಾರಿಗೂ ಏನೂ ಹೇಳಬೇಕಿಲ್ಲ — ಇಷ್ಟೇ ನನ್ನ ಯೋಚನೆ.

ಒಂದೇ ರಾಜ್ಯ ಕೇಳಿದ್ದರಿಂದ ದತ್ತು ಸಂಸ್ಥೆಯ ಕರೆ ಬರಲಿಲ್ಲ. ನೀನು ಕೇಳಿದಾಗಲೆಲ್ಲ ನಾನು "ಸರತಿ ದೊಡ್ಡದುಂಟು" ಎನ್ನುತ್ತ ಬಂದೆ. ಮೂರನೆಯ ವರ್ಷ, ಕಾದು ಸೋತು, ನೀನು ಮತ್ತೆ ಚಿಕಿತ್ಸೆಗೆ ಹೋದೆ. ಮತ್ತೆ ಸೂಜಿ, ಎರಡು ಸುತ್ತು. ಎರಡನೆಯದರಲ್ಲಿ ಗರ್ಭ ಹತ್ತು ವಾರ ನಿಂತು, ಹೋಯಿತು. ಆಸ್ಪತ್ರೆಯ ಮಂಚದಿಂದ ನೀನು ನನ್ನ ಕೈ ಹಿಡಿದು, "ನನ್ನಿಂದಾಗಿ ನಿಮಗೂ ಇಲ್ಲದ ಕಷ್ಟ" ಎಂದೆ. ಆಗಲಾದರೂ ನಾನು —

ಹೇಳಲಿಲ್ಲ. ಅದೇ ವಾರ ಅರ್ಜಿಯ ಆ ಕಲಂ ಮತ್ತೆ ತೆರೆದು, ಎಲ್ಲ ರಾಜ್ಯಗಳನ್ನೂ ಸೇರಿಸಿದೆ. ಕೆಲವೇ ತಿಂಗಳಲ್ಲಿ ಈಶಾನ್ಯದ ಗುಡ್ಡದೂರೊಂದರಿಂದ ಎರಡು ವರ್ಷದ ಇಂಚರಾಳ ಫೋಟೊ ಬಂತು. "ದೇವರು ಈಗ ಕಣ್ಣು ಬಿಟ್ಟ" ಎಂದು ನೀನು ಕಣ್ಣೊರೆಸಿಕೊಂಡೆ. ನಾನು ಹೌದು ಎಂದೆ.

ಈಗ ಅವಳಿಗೆ ಒಂಬತ್ತು. ಮೊನ್ನೆ ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಮಾಡುತ್ತಿದ್ದ ಫಿಲಿಪಿನೋ ಹೆಂಗಸು ಅವಳನ್ನು ತಮ್ಮವಳೇ ಎಂದುಕೊಂಡು ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಇಂಚರಾ ನಿನ್ನ ಕಡೆ ತಿರುಗಿದಳು:

"ಅಮ್ಮಾ, ಈ ಆಂಟಿ ನಮ್ಮ ಕಡೆಯವರಾ?"

"ಹೌದು ಮಗಾ, ಇವತ್ತಿಂದ!" ಎಂದು ನೀನು ನಕ್ಕೆ. ನನಗೆ ನಗಲಾಗಲಿಲ್ಲ.

ಅಂದು ಸರಿಯಾಗಿ ಬರೆದಿದ್ದರೆ ಈ ಮಗಳು ನಮಗೆ ಸಿಗುತ್ತಿರಲಿಲ್ಲ ಎಂಬ ವಾದ ಎಷ್ಟೋ ಸಲ ನಾಲಿಗೆಯ ತುದಿಗೆ ಬಂದಿದೆ. ಅದನ್ನು ಹೂಡುವುದಿಲ್ಲ. ಅವಳನ್ನು ನನ್ನ ಪರ ಸಾಕ್ಷಿಗೆ ನಿಲ್ಲಿಸಲಾರೆ. ನಿನ್ನ ಮೈ ಉಂಡ ಆ ಎರಡು ಸುತ್ತಿನ ನೋವು ನಾನು ಕೊಟ್ಟದ್ದು. ನಿನ್ನದೆಂದು ನೀನು ಹೊತ್ತ ತಪ್ಪು ನಿನ್ನದಲ್ಲ.

ನಾಳೆ ಇಂಚರಾ ಶಾಲೆಗೆ ಹೋದ ಮೇಲೆ ಈ ಪತ್ರವನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೂ ಎದುರಿಗೇ ಕೂತಿರುತ್ತೇನೆ.