ಹುಲ್ಲು ಮರಳದ ಚೌಕ

ಕಣ್ಣಿಗೆ ಕಾಣದ್ದನ್ನು ನಾನು ನಂಬಿದವಳಲ್ಲ. ಮನೆಯಲ್ಲಿ ಯಾರಾದರೂ ಅಂಥ ಕಥೆ ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದೆ. ಈಗ ನಂಬುತ್ತೇನೆಂದೂ ಹೇಳಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ಒಂದು ಜಾಗದಲ್ಲಿ ಯಾವ ಯಾವ ಗಿಡಗಳು ಒಟ್ಟಿಗೆ ಬದುಕುತ್ತವೆ, ಕಾಲ ಕಳೆದಂತೆ ಆ ಕೂಟ ಹೇಗೆ ಬದಲಾಗುತ್ತದೆ ಎನ್ನುವುದು ನನ್ನ ಪಿಎಚ್.ಡಿ. ವಿಷಯ. ಅದಕ್ಕಾಗಿ ಕೋಡಿಹಳ್ಳಿ ಕಡೆಯ ಒಂದು ಬೀಳಿನಲ್ಲಿ ಗೂಟ ನೆಟ್ಟು, ಕುರಿ ನುಗ್ಗದಂತೆ ತಂತಿ ಬಿಗಿದು, ಕೆಲವು ಚೌಕಗಳನ್ನು ಮಾಡಿಕೊಂಡಿದ್ದೆ. ಮೇಯಿಸುವುದು ನಿಂತರೆ ಹುಲ್ಲು ಮರಳುತ್ತದೆ ಎಂಬುದು ನನ್ನ ಊಹೆ. ಎಲ್ಲ ಕಡೆ ಹಾಗೇ ಆಯಿತು, ಒಂದು ಚೌಕ ಬಿಟ್ಟು. ಅಲ್ಲಿ ಪ್ರತಿ ಮಳೆಗೂ ಉತ್ತರಾಣಿ, ಮುಳ್ಳುಕೀರೆ, ದತ್ತೂರಿಗಳೇ ಎದ್ದವು.

ಅದೊಂದನ್ನು ಲೆಕ್ಕದಿಂದ ತೆಗೆದುಬಿಡು ಎಂದರು ನನ್ನ ಗೈಡ್ ಮೇಡಂ. ತೆಗೆದಿದ್ದರೆ ಆ ವರ್ಷವೇ ಪ್ರಬಂಧ ಮುಗಿಯುತ್ತಿತ್ತು. ಕಾರಣ ತಿಳಿಯದೆ ತೆಗೆಯುವುದಿಲ್ಲ ಎಂದೆ. "ಹಾಗಾದ್ರೆ ಮಳೆಗಾಲ ಮುಗಿಯೋದ್ರೊಳಗೆ ಕಾರಣ ತಗೊಂಡು ಬಾ" ಎಂದರು.

ಅಲ್ಲೇ ಕುರಿ ಮೇಯಿಸುವ ಕೆಂಪಮ್ಮನಿಗೆ ನನ್ನ ಕೆಲಸ ಒಂದು ತಮಾಷೆ. "ಇಷ್ಟ್ ಓದ್ಬುಟ್ಟು ಹುಲ್ಲು ಎಣುಸ್ತಾ ಕುಂತಿದ್ದೀಯಲ್ಲವ್ವ! ನನ್ ಕುರಿಗೊಳು ಎಣುಸ್ದಂಗೇ ತಿಂದ್ ಮುಗುಸ್ತವೆ" ಎಂದು ನಗುತ್ತಿದ್ದರು.

ಒಂದು ಸಂಜೆ ಅದೇ ಚೌಕದೊಳಗೆ ಮಂಡಿಯೂರಿ ಗಿಡ ಎಣಿಸುತ್ತಿದ್ದೆ. ಇನ್ನೂ ಬೆಳಕಿತ್ತು. ಬೆನ್ನಿಗೆ ಏನೋ ಬೆಚ್ಚಗೆ ಒರಗಿತು. ಆಮೇಲೆ ಎರಡೂ ಪಕ್ಕಗಳಿಗೆ. ಒದ್ದೆ ಉಣ್ಣೆಯ ವಾಸನೆ, ಮೆಲುಕು ಹಾಕುವ ಸದ್ದು. ಕುರಿ ನುಗ್ಗಿವೆಯೆಂದು "ಹೋಯ್" ಎನ್ನುತ್ತಾ ತಿರುಗಿದೆ. ಏನೂ ಇರಲಿಲ್ಲ. ತಂತಿ ಬಿಗಿಯಾಗಿಯೇ ಇತ್ತು. ಎದ್ದು ತಂತಿ ದಾಟಿದೆ. ಅಲ್ಲೂ ಆ ಒತ್ತು ಕಾಲಿಗೆ ತಾಕುತ್ತಲೇ ಇತ್ತು. ದತ್ತೂರಿ ಗಿಡಗಳು ಎಲ್ಲಿ ಮುಗಿಯುತ್ತವೋ ಅಲ್ಲಿ ನಿಂತಿತು. ಹೆದರಿಕೆಯಾಯಿತು. ಆದರೂ ಖಚಿತವಾಗಬೇಕೆಂದು ಮತ್ತೆ ಒಳಗೆ ಹೋದೆ. ಮತ್ತೆ ಬಂತು.

ಕೆಂಪಮ್ಮ ದೂರದಲ್ಲಿ, ಕೆರೆಯ ಪಕ್ಕದಲ್ಲಿದ್ದರು, ಕುರಿಗಳೂ ಅಲ್ಲೇ. ಗೊಬ್ಬರಕ್ಕೆಂದು ರಾತ್ರಿ ಹೊಲದಲ್ಲಿ ಕುರಿ ಮಲಗಿಸುವುದನ್ನು ಇಲ್ಲಿ ಮಂದೆ ಹಾಕುವುದು ಎನ್ನುತ್ತಾರೆ. ಅವರ ಬಳಿಗೆ ಹೋಗಿ, ಆ ಬೀಳಿನಲ್ಲಿ ಹಿಂದೆ ಮಂದೆ ಹಾಕುತ್ತಿದ್ದರೇ ಎಂದು ಕೇಳಿದೆ.

"ಬೀಳಿಗೆ ಯಾವನವ್ವ ಮಂದೆ ಹಾಕ್ಸಾನು? ನಾನ್ ಮದ್ವೆಯಾಗ್ ಬಂದಾಗ್ಲಿಂದ ಅದು ಹಂಗೇ ಬಿದ್ದೈತೆ" ಎಂದವರು ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಯಾಕವ್ವ, ಒಸಿ ನೀರ್ ಕುಡೀತೀಯಾ?"

ಮಾರನೆಯ ದಿನ ಎಲ್ಲ ಚೌಕಗಳ ಮಣ್ಣನ್ನೂ ಪರೀಕ್ಷೆಗೆ ಕಳಿಸಿದೆ. ಆ ಒಂದರಲ್ಲಿ ಮಾತ್ರ ರಂಜಕ, ಅಂದರೆ ಫಾಸ್ಫರಸ್, ಬಹಳ ಹೆಚ್ಚಿತ್ತು. ಎಂದೋ ಬಹುಕಾಲ ಕುರಿಗಳು ಮಲಗಿದ ನೆಲ ಹಾಗಿರುತ್ತದೆ. ಗೊಬ್ಬರ ಮೆಚ್ಚುವ ಗಿಡಗಳು ಅಲ್ಲಿ ಹುಲ್ಲಿಗೆ ಜಾಗ ಬಿಡುವುದಿಲ್ಲ. ಚೌಕ ಪ್ರಬಂಧದಲ್ಲಿ ಉಳಿಯಿತು. ತಿದ್ದಬೇಕಾದದ್ದು ನನ್ನ ಊಹೆಯನ್ನು.

ವೈವಾದಲ್ಲಿ ಪರೀಕ್ಷಕರು, "ಮಣ್ಣು ನೋಡಬೇಕು ಅಂತ ನಿಮಗೆ ಹೊಳೆದದ್ದು ಹೇಗೆ?" ಎಂದು ಕೇಳಿದರು. ಗಿಡಗಳನ್ನು ನೋಡಿ ಎಂದಿದ್ದರೆ ಎಲ್ಲರೂ ಒಪ್ಪುತ್ತಿದ್ದರು.

"ಅದನ್ನು ನಾನು ವಿವರಿಸಲಾರೆ ಸರ್" ಎಂದೆ.

ಅವರು ಮುಂದಿನ ಪುಟ ತಿರುಗಿಸಿದರು. ಇವತ್ತು ಕೇಳಿದರೂ ನನ್ನ ಉತ್ತರ ಅಷ್ಟೇ.