ಒಂದೇ ಸಂಜೆಗೆ ಮೂವತ್ತು ಬೋರ್ಡು

"ಅಣ್ಣಾ, ಫೇಲ್!"

ಗೇಟಿನ ಆಚೆ ನಿಂತು ಜಯಮ್ಮ ಕೂಗಿದರು. ಫೇಲಾಗಿದ್ದು ಆಕೆ. ಪಾಠ ಹೇಳಿದ್ದು ನಾನು!

ಹೇರೋಹಳ್ಳಿಯ ನಮ್ಮ ಬೀದಿಯ ಜಯಮ್ಮ ದೋಸೆ ಹಿಟ್ಟು ರುಬ್ಬಿ, ಪ್ಯಾಕೆಟ್ ಮಾಡಿ, ಸುಂಕದಕಟ್ಟೆವರೆಗಿನ ಅಂಗಡಿಗಳಿಗೆ ಹಾಕುತ್ತಾರೆ. ಸ್ಕೂಟರಿನಲ್ಲಿ ಒಯ್ಯುತ್ತಿದ್ದ ಗಂಡನಿಗೆ ಈಗ ಮಂಡಿನೋವು. ಹಿಟ್ಟು ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಅಂಗಡಿಯವರು ಬೇರೆಯವರ ಪ್ಯಾಕೆಟ್ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಆಕೆಗೆ ಸ್ಕೂಟರ್ ಲೈಸೆನ್ಸ್ ಬೇಕೇ ಬೇಕು. ಅದಕ್ಕೆ ಮೊದಲು ಎಲ್ಎಲ್, ಅಂದರೆ ಕಲಿಯುವವರ ಲೈಸೆನ್ಸ್. ಅದಕ್ಕೊಂದು ಕಂಪ್ಯೂಟರ್ ಟೆಸ್ಟು, ಅದರ ತುಂಬ ರಸ್ತೆ ಚಿಹ್ನೆಗಳು.

"ಅಷ್ಟೇ ತಾನೆ? ಒಂದು ಸಂಜೆ ಸಾಕು," ಎಂದೆ. (ನನ್ನ ಧೈರ್ಯ ನೋಡಿ!) ಟೆಸ್ಟಿನ ಹಿಂದಿನ ದಿನ ಕೂರಿಸಿಕೊಂಡು ಮೂವತ್ತು ಚಿಹ್ನೆ ತೋರಿಸಿದೆ. ಆಗಲೇ ಕೇಳಿದೆ. ಪಟಪಟ ಒಪ್ಪಿಸಿದರು. "ಫಸ್ಟ್ ಕ್ಲಾಸ್!" ಎಂದು ನಾನೇ ಚಪ್ಪಾಳೆ ತಟ್ಟಿದೆ.

ಬೆಳಗಾಗುವಷ್ಟರಲ್ಲಿ ಎಲ್ಲ ಕಲಸುಮೇಲೋಗರ. 'ಪ್ರವೇಶವಿಲ್ಲ' ಅನ್ನುವ ಚಿಹ್ನೆಗೆ 'ಪಾರ್ಕಿಂಗ್ ಇಲ್ಲ' ಎಂದು ಒತ್ತಿ ಬಂದಿದ್ದರು.

"ವಯಸ್ಸಾಯ್ತಲ್ಲ ಜಯಮ್ಮ, ಮರೆವು," ಎಂದುಬಿಟ್ಟೆ. ಅನ್ನಬಾರದಿತ್ತು.

"ಮರೆವಾ? ಹದಿನಾಲ್ಕು ಅಂಗಡಿ ಅಣ್ಣಾ! ಯಾರಿಗೆಷ್ಟು ಪ್ಯಾಕೆಟ್, ಯಾರಿಗೆ ಇಡ್ಲಿ ಹಿಟ್ಟು, ಒಂದ್ ಚೀಟಿ ಬರ್ಕೊಂಡಿದೀನಾ? ಗ್ರೈಂಡರ್‌ಗೆ ಅಷ್ಟೂ ಉದ್ದು ಒಂದೇ ಸಲ ಸುರಿದ್ರೆ ಕಲ್ಲು ತಿರುಗುತ್ತಾ? ಹಿಡಿ ಹಿಡಿ ಹಾಕ್ಬೇಕು. ನೀವು ಸುರಿದ್ಬಿಟ್ರಿ!"

ಆಕೆ ಹೇಳಿದ್ದರಲ್ಲಿ ತಪ್ಪೇನಿದೆ? ಆ ಕ್ಷಣಕ್ಕೆ ಹಿಡಿದಿಡುವ ನೆನಪಿಗೆ ಜಾಗ ಬಹಳ ಕಡಿಮೆ. ಮೂರೋ ನಾಲ್ಕೋ ಸಂಗತಿ ಕೂರಬಹುದು. ಇನ್ನೊಂದು ಬಂದರೆ ಮೊದಲು ಬಂದದ್ದು ಎದ್ದು ಹೋಗುತ್ತದೆ. ಕೂತದ್ದು ಉಳಿಯಬೇಕಾದರೆ ನಡುವೆ ಬಿಡುವು ಕೊಡಬೇಕು, ಮರುದಿನ ಮತ್ತೆ ಕರೆದು ಮಾತಾಡಿಸಬೇಕು, ಮೊದಲೇ ಗೊತ್ತಿರುವ ಯಾವುದಕ್ಕಾದರೂ ಗಂಟು ಹಾಕಬೇಕು. ಈಗಷ್ಟೇ ಓದಿದ್ದನ್ನು ಈಗಲೇ ಒಪ್ಪಿಸಿದರೆ ಅದು ಕಲಿತಂತೆಯೇ? (ಪರೀಕ್ಷೆಯ ಹಿಂದಿನ ದಿನ ಮಕ್ಕಳಿಂದ ಇಡೀ ಪಾಠ ಒಪ್ಪಿಸಿಕೊಂಡು ನೆಮ್ಮದಿಯಾಗುವ ಅಪ್ಪ ಅಮ್ಮಂದಿರೇ, ಕೇಳಿಸಿತೇ?)

ಎರಡನೇ ಸುತ್ತಿಗೆ ಸಿಲಬಸ್ ಜಯಮ್ಮನದೇ. ದಿನಕ್ಕೆ ಮೂರೇ ಬೋರ್ಡು. ಒಂದೊಂದನ್ನೂ ತಾವು ಹಿಟ್ಟು ಹಾಕುವ ದಾರಿಯ ಒಂದೊಂದು ಜಾಗಕ್ಕೆ ಅಂಟಿಸಿಕೊಂಡರು. ಶಾಲೆ ಪಕ್ಕದ ಅಂಗಡಿಗೆ 'ಹಾರ್ನ್ ಮಾಡಬೇಡಿ'. ಒನ್‌ವೇ ತುದಿಯ ಕಾಂಡಿಮೆಂಟ್ಸ್ ಅಂಗಡಿಗೆ 'ಪ್ರವೇಶವಿಲ್ಲ'. ಆಟೋದಲ್ಲಿ ಹೋಗುವಾಗ ನಿನ್ನೆಯದನ್ನು ತಮ್ಮಷ್ಟಕ್ಕೆ ತಾವೇ ಕೇಳಿಕೊಳ್ಳುವುದು. ಹತ್ತು ದಿನ ಹೀಗೇ. ಹನ್ನೊಂದನೇ ದಿನ ಪಾಸ್! ಆಮೇಲೆ ಓಡಿಸಿ ತೋರಿಸುವ ಪರೀಕ್ಷೆಯೂ ಮುಗಿದು ಪಕ್ಕಾ ಲೈಸೆನ್ಸೇ ಕೈಗೆ ಬಂತು.

ಮೊನ್ನೆ ಅದೇ ಕಾಂಡಿಮೆಂಟ್ಸ್ ಪಕ್ಕ ಸ್ಕೂಟರ್ ತಿರುಗಿಸಿದೆ. ಎದುರಿನಿಂದ ಪೀಂ ಪೀಂ. ಹೆಲ್ಮೆಟ್ಟು, ಕಾಲ ಬಳಿ ಹಿಟ್ಟಿನ ಕ್ರೇಟು, ಜಯಮ್ಮ!

"ಎಲ್ಲಿಗ್ ನುಗ್ತಿದೀರಾ ಮೇಷ್ಟ್ರೇ? ಒನ್‌ವೇ ಇದು!"

"ಬೋರ್ಡೆಲ್ಲಿದೆ ಜಯಮ್ಮ? ಯಾರದೋ ಬರ್ತ್‌ಡೇ ಫ್ಲೆಕ್ಸ್ ಮುಚ್ಚಿದೆ ನೋಡಿ!"

ಆಕೆ ಹೆಲ್ಮೆಟ್ಟಿನ ಗಾಜು ಮೇಲೆತ್ತಿದರು.

"ಮುಚ್ಚಿದ್ರೇನು? ಕಲಿತೋಳ್ಗೆ ನೆನಪಿದೆ, ಕಲಿಸಿದೋರ್ಗೆ ಇಲ್ವಾ?"